ಮೂರನೇ ಒಂದು ಪಾಲು

ಹೆಬ್ಬೂರು ದಾಟಿದ ಮೇಲೆ ಬಸ್ಸು ಕೊಂಚ ಖಾಲಿಯಾಗಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅಬ್ದುಲ್ ರಶೀದ್ ಸಾಬರು ಕೂತ ಕೂಡಲೇ ಜುಬ್ಬದ ಒಳಜೇಬಿಗೆ ಕೈಹಾಕಿ ಕಾಗದ ಇದೆಯೇ ಎಂದು ಮುಟ್ಟಿ ನೋಡಿಕೊಂಡರು. ತುಮಕೂರು ಬಿಟ್ಟ ಮೇಲೆ ಇದು ಐದನೆಯ ಸಲ. ಇದ್ದ ಕಾಗದ ಎಲ್ಲಿಗೆ ಹೋಗುತ್ತದೆ, ಅದಕ್ಕೇನು ಕಾಲಿದೆಯೇ ಎಂದು ತಮ್ಮನ್ನೇ ಗದರಿಕೊಂಡರು. ಕುಣಿಗಲ್ಲಿಗೆ ಯಾಕೆ ಎಂದು ಬೆಳಿಗ್ಗೆ ಜಮಾಲುನ್ನೀಸಾ ಕೇಳಿದಾಗ ಸ್ಟೌವಿನ ಬರ್ನರ್ ತರೋಕೆ ಎಂದಿದ್ದರು. ತುಮಕೂರಿನ ಮಂಡಿಪೇಟೆಯಲ್ಲಿ ಮೂವತ್ತೆಂಟು ವರ್ಷ ಪಂಪ್ ಸ್ಟೌ ರಿಪೇರಿ ಮಾಡಿದವನು ಬರ್ನರಿಗಾಗಿ ಕುಣಿಗಲ್ಲಿಗೆ ಹೋಗುವುದೆಂದರೆ ಮೀನಿನವನು ಮೀನು ಕೊಳ್ಳಲು ಬೇರೆ ಊರಿಗೆ ಹೋದ ಹಾಗೆ. ಹೆಂಡತಿ ಮುಖ ನೋಡಿ "ಹೂಂ" ಎಂದಳು, ಅಷ್ಟೆ. ಸುಳ್ಳನ್ನಾದರೂ ನೆಟ್ಟಗೆ ಹೇಳಬಾರದಿತ್ತೇ ಎಂದು ಬಸ್‌ಸ್ಟ್ಯಾಂಡಿನವರೆಗೂ ಮನಸ್ಸು ಕುಟುಕಿತು. ನಿಜಕ್ಕೂ ಹೊರಟದ್ದು ವಕೀಲರೊಬ್ಬರನ್ನು ಕಾಣಲು. ತುಮಕೂರಿನಲ್ಲಿ ವಕೀಲರಿಗೆ ಬರವೇನಿಲ್ಲ, ಆದರೆ ಅಲ್ಲಿನ ಅರ್ಧ ವಕೀಲರ ಮನೆ ಸ್ಟೌ ಇವರ ಕೈಯಲ್ಲೇ ಬಿಚ್ಚಿ ಕಟ್ಟಿದ್ದು. ಒಬ್ಬರ ಮನೆ ಮೆಟ್ಟಿಲು ಹತ್ತಿದರೂ ಸಾಕು, ಸಂಜೆಯೊಳಗೆ ದೊಡ್ಡ ಮಗ ಶಾಬಾಜ್ ಅಂತರಸನಹಳ್ಳಿಯ ಫ್ಯಾಕ್ಟರಿಯಿಂದ ಬಂದು ಗಾಡಿ ಸ್ಟ್ಯಾಂಡ್ ಹಾಕುವ ಮೊದಲೇ ಕೇಳುತ್ತಾನೆ: ಏನಬ್ಬಾ, ಕೋರ್ಟು ಕಡೆ ಹೋಗಿದ್ರಂತೆ?

ರಶೀದ್ ಸಾಬರದು ಬಿಚ್ಚಿ ನೋಡುವ ಸ್ವಭಾವ. ಕೆಟ್ಟದ್ದಿರಲಿ, ಕೆಡದೆ ಇರುವುದನ್ನೂ ಒಳಗೆ ಹೇಗಿದೆ ಎಂದು ಬಿಚ್ಚದೆ ಬಿಟ್ಟವರಲ್ಲ. ಮಾವ ಕೊಟ್ಟ ಕೈಗಡಿಯಾರವನ್ನು ಮದುವೆಯಾದ ಮೂರನೇ ದಿನವೇ ಬಿಚ್ಚಿ, ಮತ್ತೆ ಕೂಡಿಸಲಾಗದೆ, ಬೀಗರ ಮುಂದೆ ಬರಿಗೈಯಲ್ಲಿ ಓಡಾಡಿದ್ದರು. ಉಯಿಲಿನ ವಿಷಯಕ್ಕೂ ಹೀಗೇ ಆಯಿತು. ಎರಡು ತಿಂಗಳ ಹಿಂದೆ ವಾಷರ್ ಕಟ್ಟಿ ಬಂದಿದ್ದ ಹಳೇ ಪೇಪರಿನಲ್ಲಿ ಒಂದು ತುಂಡು ಓದಿದರು. ಉಯಿಲು ಬರೆಯಲು ವಕೀಲರೇ ಆಗಬೇಕೆಂದಿಲ್ಲ, ಛಾಪಾ ಕಾಗದವೂ ಬೇಡ, ಬಿಳಿ ಹಾಳೆ ಸಾಕು ಎಂದಿತ್ತು. ಮುಂದಿನ ಭಾಗ ಹರಿದು ಹೋಗಿತ್ತು. ಇಷ್ಟು ದೊಡ್ಡ ವಿಷಯ ಇಷ್ಟು ಸುಲಭವೇ ಎಂದು ಅವರಿಗೆ ಅಂದು ಕೆಲಸವೇ ಹತ್ತಲಿಲ್ಲ. ಮರುದಿನ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ ಬರೆಯಲು ಕೂತರು. ಏಳನೇ ಕ್ಲಾಸಿನವರೆಗೆ ಕನ್ನಡ ಸ್ಕೂಲಿನಲ್ಲಿ ಕಲಿತ ಗುಂಡಗಿನ ಅಕ್ಷರ. 'ಸ್ವಸ್ಥ ಚಿತ್ತದಿಂದ' ಎಂದು ಬರೆದು ಪೆನ್ನು ನಿಂತಿತು. ತನ್ನ ಚಿತ್ತ ಸ್ವಸ್ಥವಾಗಿದೆಯೆಂದು ತಾನೇ ಹೇಳಿದರೆ ನಂಬುವವರು ಯಾರು? ಹುಚ್ಚನೂ ಹಾಗೇ ಹೇಳುತ್ತಾನಲ್ಲ. ಪರೀಕ್ಷೆ ಮಾಡಿಕೊಳ್ಳೋಣವೆಂದು ಬೀದಿಯ ಆ ತುದಿಯಿಂದ ಈ ತುದಿಯವರೆಗೆ ಅಂಗಡಿಗಳ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡು ಬಂದರು. ಒಂದೂ ತಪ್ಪಲಿಲ್ಲ. ಎರಡು ವರ್ಷದ ಹಿಂದೆ ಮುಚ್ಚಿದ ಅಂಗಡಿಯನ್ನೂ ಸೇರಿಸಿ ಹೇಳಿದ್ದು ಆಮೇಲೆ ಹೊಳೆದು ಸ್ವಲ್ಪ ಕಸಿವಿಸಿಯಾಯಿತು. ಆದರೂ ಬರೆದರು. ಹಿಂದಿನ ಓಣಿಗೆ ಬಾಗಿಲಿರುವ ರೂಮು ನನ್ನ ಮಗಳು ಜೈಬಾಳಿಗೆ ಸೇರತಕ್ಕದ್ದು, ಆಕೆಯನ್ನು ನಾನು ಹನ್ನೊಂದನೇ ದಿನದಿಂದ ಕಣ್ಣಿನಲ್ಲಿ ಕಣ್ಣಿಟ್ಟು ಸಾಕಿರುತ್ತೇನೆ. ಈ ಸಾಲನ್ನು ಮೂರು ಸಲ ಓದಿಕೊಂಡರು. ತಾವು ಬರೆದದ್ದೇ ಎಂದು ಹೆಮ್ಮೆಯಾಯಿತು, ಕಣ್ಣೂ ಒದ್ದೆಯಾಯಿತು.

ಆ ರೂಮಿನಲ್ಲೇ ಜೈಬಾಳ ಹೊಲಿಗೆ ಮೆಷಿನ್ನು ಇರುವುದು. ಓಣಿಯ ಹೆಂಗಸರು ಬ್ಲೌಸು, ಸೀರೆಯ ಫಾಲು ತಂದು ಕೊಡುತ್ತಾರೆ, ಕೂತು ಹರಟುತ್ತಾರೆ. ಕಳೆದ ರಂಜಾನಿನಲ್ಲಿ ಊಟದ ಮುಂದೆ ಶಾಬಾಜ್ ಸಲೀಸಾಗಿ ಹೇಳಿದ್ದ: "ಜೈಬಾಗೆ ಒಂದು ಮದುವೆ ಅಂತ ಮಾಡಿ ಕಳಿಸಿಬಿಟ್ರೆ ಹಿಂದಿನ ರೂಮು ಒಡೆದು ಎರಡು ಅಂಗಡಿಗೆ ಶಟರ್ ಹಾಕಬಹುದು." ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ, ರಶೀದ್ ಸಾಬರಿಗೂ ಅದು ಗೊತ್ತು. ಶಾಬಾಜ್ ಕೆಟ್ಟವನಲ್ಲ, ಲೆಕ್ಕದವನು. ಆದರೆ ಜೈಬಾ ಅನ್ನ ಬಡಿಸುತ್ತಿದ್ದ ಸೌಟು ಅಣ್ಣನ ತಟ್ಟೆಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಬಡಿಸಿ ಒಳಗೆ ಹೋದಳು. ತಾನು ಸತ್ತರೆ ಈ ಹುಡುಗಿ ನಿಲ್ಲುವುದೆಲ್ಲಿ ಎಂಬ ಪ್ರಶ್ನೆ ಅವತ್ತು ಗಂಟಲಿಗೆ ಸಿಕ್ಕಿಕೊಂಡದ್ದು ಇನ್ನೂ ಇಳಿದಿರಲಿಲ್ಲ. ಅವಳನ್ನು ಎತ್ತಿಕೊಂಡು ಗುಬ್ಬಿಯಿಂದ ಹೊರಟ ಅಂದಿನ ಬಸ್ಸೂ ಹೀಗೇ ಕುಲುಕುತ್ತಿತ್ತು. ಜಮಾಲುನ್ನೀಸಾಳ ತಂಗಿಯನ್ನು ಮಣ್ಣು ಮಾಡಿ ಹತ್ತು ದಿನವಾಗಿತ್ತು, ಹೆರಿಗೆಯಲ್ಲೇ ಹೋದವಳು. ಮಗುವಿನ ಅಪ್ಪ ಬಾಗಿಲಿಗೆ ಒರಗಿ ನಿಂತಿದ್ದವನು ತಗೊಂಡು ಹೋಗಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ತಮ್ಮದೇ ಕಿರಿಮಗ, ಆರು ತಿಂಗಳ ಯಾಸಿರ್, ರಶೀದರ ತೊಡೆಯ ಮೇಲೆ. ಬಸ್ಸು ಗುಬ್ಬಿ ದಾಟುತ್ತಲೇ ಜಮಾಲುನ್ನೀಸಾ ಸೆರಗಿನೊಳಗೆ ತಂಗಿಯ ಮಗುವಿಗೆ ಹಾಲು ಕೊಟ್ಟಳು. ಯಾಸಿರ್ ಅದನ್ನು ನೋಡಿ ಊರೇ ಹಾರಿಹೋಗುವಂತೆ ಅತ್ತ. ತುಮಕೂರಿನಲ್ಲಿ ಇಳಿಯುವ ಹೊತ್ತಿಗೆ ಅವಳು, "ಇನ್ನು ಇದು ನಮ್ಮದು. ಬೇರೆ ಹೆಸರು ಈ ಮನೇಲಿ ಯಾರೂ ಎತ್ತಬಾರದು," ಎಂದಳು. ಯಾರೂ ಎತ್ತಲಿಲ್ಲ. ಗುಬ್ಬಿಯವನು ದಾವಣಗೆರೆ ಕಡೆ ಇನ್ನೊಂದು ಮದುವೆಯಾಗಿ ಹೋದ. ಸ್ಕೂಲಿನಲ್ಲಿ, ರೇಷನ್ ಕಾರ್ಡಿನಲ್ಲಿ, ಓಟಿನ ಲಿಸ್ಟಿನಲ್ಲಿ ಎಲ್ಲೆಲ್ಲೂ ಜೈಬಾ ಅಬ್ದುಲ್ ರಶೀದರ ಮಗಳೇ. ಹೀಗೆ ಇಪ್ಪತ್ನಾಲ್ಕು ವರ್ಷ.

ಪಕ್ಕದಲ್ಲಿ ಕೂತಿದ್ದ ರೈತ, ಕದರಯ್ಯ ಎಂದು ಹೆಸರು ಹೇಳಿಕೊಂಡವನು, ಕಿಟಕಿಯಾಚೆ ಬೆರಳು ತೋರಿಸಿ ಮಾತಿಗೆಳೆದ. ಅವನ ಭಾಮೈದ ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಹುಲ್ಲು ಹಾಕುವ ಕೆಲಸದಲ್ಲಿದ್ದನಂತೆ. "ಅಲ್ಲಿ ಮರಿ ಹುಟ್ತು ಅಂದ್ರೆ ಸಾಕು ಕಣ್ ಸಾಬ್ರೇ, ಅಪ್ಪ ಯಾರು, ಅವ್ವ ಯಾರು, ತಾತ ಯಾರು, ಎಲ್ಲಾ ಬುಕ್ಕಲ್ಲಿ ಬರೀತಾರೆ. ನಮ್ ತಾತನ ಅಪ್ಪನ ಹೆಸ್ರು ನಂಗೇ ಗೊತ್ತಿಲ್ಲ, ಬುಡಿ!" ಎಂದು ಜೋರಾಗಿ ನಕ್ಕ. ರಶೀದ್ ಸಾಬರೂ ನಕ್ಕರು. ಬೇರೆ ದಿನವಾಗಿದ್ದರೆ ಆ ಬುಕ್ಕು ಎಷ್ಟು ದಪ್ಪ, ಯಾರು ಬರೆಯುತ್ತಾರೆ, ತಪ್ಪಾದರೆ ತಿದ್ದುವವರು ಯಾರು ಎಂದು ನೂರು ಕೇಳುತ್ತಿದ್ದರು. ಇವತ್ತು ಒಂದೇ ಒಂದು ಕೇಳಿದರು: "ಒಂದು ಕುದುರೆ ಹಾಲನ್ನ ಇನ್ನೊಂದರ ಮರಿಗೆ ಕುಡಿಸ್ತಾರಾ?" ಕದರಯ್ಯನಿಗೆ ಅದು ಗೊತ್ತಿರಲಿಲ್ಲ. ಭಾಮೈದನನ್ನು ಕೇಳಿ ಹೇಳುತ್ತೇನೆ ಎಂದ, ಮತ್ತೆಂದೂ ಸಿಗುವವನಲ್ಲದಿದ್ದರೂ.

ಕುಣಿಗಲ್ಲಿನ ತಾಲ್ಲೂಕು ಆಫೀಸಿನ ಎದುರು ಸಾಲಿನಲ್ಲಿ ವೆಂಕಟರಂಗಯ್ಯ ಎಂಬ ವಕೀಲರ ಬೋರ್ಡೂ ಒಳಗೆ ಅವರ ನರೆತ ತಲೆಯೂ ಕಂಡವು. ವಯಸ್ಸಾದವರು ಎಂಬ ಒಂದೇ ಕಾರಣಕ್ಕೆ ಅಲ್ಲಿಗೇ ಹೋದರು. ಚಿಕ್ಕ ವಯಸ್ಸಿನ ವಕೀಲರ ಮುಂದೆ ತಮ್ಮ ಮನೆಯ ಮಾತು ಬಿಚ್ಚಿಡಲು ನಾಚಿಕೆ. ವೆಂಕಟರಂಗಯ್ಯನವರು ಕಾಗದ ಬಿಡಿಸಿ, ಕನ್ನಡಕ ಹಣೆಗೇರಿಸಿ, ಕಣ್ಣಿಗೆ ಹತ್ತಿರ ಹಿಡಿದು ಓದಿದರು. ಮೇಷ್ಟರ ಮುಂದೆ ಸ್ಲೇಟು ಕೊಟ್ಟು ನಿಂತ ಹಾಗಾಯಿತು ರಶೀದ್ ಸಾಬರಿಗೆ.

"ಯಾರು ಬರ್ದಿದ್ದು ಇದನ್ನ?"

"ನಾನೇ ಸ್ವಾಮಿ. ಬಿಳಿ ಹಾಳೇಲಿ ಬರೀಬಹುದು ಅಂತ ಪೇಪರಲ್ಲಿ ಓದಿದ್ದೆ."

"ಬರೀಬಹುದು. ನಿಮ್ಮಲ್ಲಿ ಬಾಯಲ್ಲಿ ಹೇಳಿದ್ರೂ ನಡಿಯುತ್ತೆ. ಅಕ್ಷರ ಮುತ್ತು ಪೋಣಿಸಿದ ಹಾಗಿದೆ, ಸಾಬ್ರೇ. ಆದ್ರೆ ಇದ್ರಿಂದ ಆ ಹುಡುಗಿಗೆ ಒಂದು ಇಟ್ಟಿಗೇನೂ ಸಿಗಲ್ಲ."

ವಕೀಲರೇ ಮುಂದುವರಿಸಿದರು. "ನಿಮ್ಮ ಧರ್ಮದ ಕಾನೂನಲ್ಲಿ ಹೆಂಡ್ತಿಗೆ ಇಷ್ಟು, ಗಂಡುಮಗನಿಗೆ ಇಷ್ಟು, ಹೆಣ್ಣುಮಗಳಿಗೆ ಇಷ್ಟು ಅಂತ ಮೊದ್ಲೇ ಗೊತ್ತಾಗಿರುತ್ತೆ. ವಿಲ್ ಬರೆದು ಒಬ್ಬ ವಾರಸುದಾರರಿಗೆ ಹೆಚ್ಚು ಕೊಡಂಗಿಲ್ಲ. ನೀವು ಹೋದ್ಮೇಲೆ ಮಿಕ್ಕವರು ಒಪ್ಪಿದ್ರೆ ಸರಿ, ಒಪ್ಪದಿದ್ರೆ ಇದು ಬರೀ ಕಾಗದ. ಹೊರಗಿನವರಿಗೆ ಕೊಡೋದಾದ್ರೆ ಮಾತ್ರ ಮೂರನೇ ಒಂದು ಪಾಲಿನವರೆಗೆ ನಿಮ್ಮಿಷ್ಟ. ಬೀದೀಲಿ ಹೋಗೋರಿಗೆ ಬೇಕಾದ್ರೂ ಕೊಡಿ, ಯಾರೂ ತಡೆಯಂಗಿಲ್ಲ."

ಮೂರನೇ ಒಂದು ಪಾಲು ಬೀದಿಯಲ್ಲಿ ಹೋಗುವವರಿಗೆ! ರಶೀದ್ ಸಾಬರಿಗೆ ದುಃಖದ ನಡುವೆಯೂ ಕುತೂಹಲ ಕೆರಳಿತು. ಹೀಗೊಂದು ಬಾಗಿಲನ್ನು ಯಾಕೆ ಇಟ್ಟಿರಬಹುದು? ರಕ್ತಸಂಬಂಧದಾಚೆಗೂ ಪ್ರತಿಯೊಬ್ಬನಿಗೂ ಯಾರೋ ಒಬ್ಬರು ಇರುತ್ತಾರೆಂದು ಇಟ್ಟವನಿಗೆ ಮೊದಲೇ ತಿಳಿದಿತ್ತೇ? ಅಷ್ಟರಲ್ಲಿ ವಕೀಲರ ಬೆರಳು ಅವರು ಹೆಮ್ಮೆಪಟ್ಟಿದ್ದ ಸಾಲಿನ ಮೇಲೆ ಬಂದು ನಿಂತಿತ್ತು.

"ಇದೇನ್ರೀ, ಹನ್ನೊಂದನೇ ದಿನದಿಂದ ಸಾಕಿರುತ್ತೇನೆ ಅಂತ? ಮೊದಲ ಹತ್ತು ದಿನ ಎಲ್ಲಿದ್ಲು?"

ಸಿಕ್ಕಿಬಿದ್ದಂತಾಯಿತು. ಜಗತ್ತಿಗೆಲ್ಲ ಮುಚ್ಚಿಟ್ಟದ್ದನ್ನು ಕೈಯೇ ಬರೆದಿಟ್ಟಿತ್ತು. ಪ್ರೀತಿ ಎಷ್ಟು ದಿನದ್ದೆಂದು ಸರಿಯಾಗಿ ತೋರಿಸಬೇಕೆಂಬ ಹುಮ್ಮಸ್ಸಿನಲ್ಲಿ ಬಿದ್ದ ಸಾಲು. ನೆಲ ನೋಡುತ್ತಾ ಗುಬ್ಬಿಯ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದರು. ಹಾಲು ಕುಡಿಸಿದ್ದನ್ನೂ ಹೇಳಿದರು.

"ಹಾಗಾದ್ರೆ ಒಳ್ಳೇದೇ ಆಯ್ತು," ಎಂದರು ವೆಂಕಟರಂಗಯ್ಯ. "ಮಗಳಲ್ಲ."

"ಮಗಳೇ ಸ್ವಾಮಿ."

"ಅಯ್ಯೋ, ನಿಮ್ಮ ಮನಸ್ಸಿಗೆ ಮಗಳು, ಯಾರು ಬೇಡ ಅಂದ್ರು? ಕಾಗದದಲ್ಲಿ ಮಗಳು ಅಂತ ಬರೆದ್ರೆ ನಿಮ್ಮ ಗಂಡುಮಕ್ಕಳು ಎರಡು ಕಡೆಯಿಂದ್ಲೂ ಎಳೀತಾರೆ. ಮಗಳಾದ್ರೆ ವಿಲ್ ನಡಿಯಲ್ಲ ಅಂತಾರೆ. ಮಗಳಲ್ಲ ಅಂದ್ರೆ ಪಾಲೇ ಇಲ್ಲ ಅಂತಾರೆ. ಹುಡುಗಿ ನಡುವೆ ನಿಲ್ತಾಳೆ. ಅದಕ್ಕೇ ನೀವೇ ಬಿಡಿಸಿ ಬರೀಬೇಕು. ಇಂಥವರ ಮಗಳು, ನನ್ನ ಸಾಕುಮಗಳು, ನನ್ನ ವಾರಸುದಾರಳಲ್ಲ, ಮೂರನೇ ಒಂದು ಪಾಲಿನೊಳಗೆ ಈ ರೂಮು ಕೊಟ್ಟಿದ್ದೇನೆ ಅಂತ. ಆಗ ಯಾರಪ್ಪನೂ ಕಿತ್ಕೊಳ್ಳೋಕಾಗಲ್ಲ. ಹೇಳಿ, ಅಪ್ಪನ ಹೆಸರು?"

ವಕೀಲರ ಪೆನ್ನು ಹಾಳೆಯ ಮೇಲೆ ಕಾಯುತ್ತಿತ್ತು. ಆ ಹೆಸರು ರಶೀದ್ ಸಾಬರಿಗೆ ಮರೆತಿರಲಿಲ್ಲ. ನಾಲಿಗೆಯ ಬುಡದಲ್ಲಿ ಇಪ್ಪತ್ನಾಲ್ಕು ವರ್ಷದಿಂದ ಕೂತಿತ್ತು. ಆದರೆ ಹೇಳಲು ಹೋದರೆ ಬರುತ್ತಿದ್ದದ್ದು ಬರೀ ಉಗುಳು. "ಕೇಳ್ಕೊಂಡು ಬರ್ತೀನಿ," ಎಂದರು. ವೆಂಕಟರಂಗಯ್ಯನವರು ಒಂದು ಗಳಿಗೆ ಇವರ ಮುಖವನ್ನೇ ನೋಡಿದರು. ಇವರಿಗೆ ಗೊತ್ತಿದೆ ಎಂದು ಅವರಿಗೂ ಗೊತ್ತಾಯಿತು. ಬಯ್ಯಲಿಲ್ಲ. ಕರಡು ಬರೆದು, ಹೆಸರಿನ ಜಾಗ ಖಾಲಿ ಬಿಟ್ಟು, ಕೈಗೆ ಕೊಟ್ಟರು. "ಇದನ್ನ ನಿಮ್ಮ ಕೈಬರಹದಲ್ಲೇ ಇಳಿಸಿ. ಮಾತು ನಂದಿರಲಿ, ಅಕ್ಷರ ನಿಮ್ಮದಿರಲಿ. ತುಂಬಿಸ್ಕೊಂಡು ಬನ್ನಿ, ಸಾಕ್ಷಿ ಹಾಕ್ಸಿ ರಿಜಿಸ್ಟರ್ ಮಾಡ್ಸೋಣ."

ಬಸ್ಸಿಗೆ ಇನ್ನೂ ಹೊತ್ತಿತ್ತು. ಕೆರೆ ಏರಿಯ ಮೇಲೆ ಹೋಗಿ ಕೂತರು. ನೀರು ಕಣ್ಣು ಹರಿದಷ್ಟು ದೂರ ಇತ್ತು, ದಡದಲ್ಲಿ ಯಾರೋ ಎಮ್ಮೆ ತೊಳೆಯುತ್ತಿದ್ದರು. ಹೆಸರು ಬಾಯಿಗೆ ಬರದೆ ಹೋದದ್ದು ಇದು ಮೊದಲಲ್ಲ. ಎರಡು ಸಲ ಜೈಬಾಳನ್ನು ಹೆಣ್ಣು ಕೇಳಲು ಬಂದಿದ್ದರು. ಮೊದಲನೆಯವರದು ಶಿರಾ ಗೇಟಿನ ಕಡೆ ಬೇಕರಿ. ಎರಡನೆಯವನು ಹೆಬ್ಬೂರಿನಲ್ಲಿ ಸೈಕಲ್ ಶಾಪು ಇಟ್ಟಿದ್ದ ಹುಡುಗ, ತಾಯಿಯ ಜೊತೆ ತಾನೇ ಬಂದಿದ್ದ, ನೀರಿನ ಲೋಟ ವಾಪಸ್ ಕೊಡುವಾಗ ಎರಡೂ ಕೈಯಲ್ಲಿ ಕೊಟ್ಟಿದ್ದ. ನಿಕಾಹಿನಲ್ಲಿ ಖಾಜಿ ಹತ್ತು ಜನರ ಮುಂದೆ ಹುಡುಗಿಯ ಹೆಸರು ಹೇಳಿ, ಇಂಥವರ ಮಗಳು ಎಂದು ಹೆತ್ತ ತಂದೆಯ ಹೆಸರನ್ನೇ ಹೇಳಬೇಕು. ಸಾಕಿದವನ ಹೆಸರು ಅಲ್ಲಿ ಸಲ್ಲದು. ಮಸೀದಿಯ ಹಜರತ್ತರನ್ನು ಯಾರದೋ ವಿಷಯವೆಂಬಂತೆ ಕೇಳಿ ತಿಳಿದುಕೊಂಡಿದ್ದರು. ಬೇಕರಿಯವರಿಗೆ, ಹುಡುಗಿಗೆ ಇನ್ನೂ ಚಿಕ್ಕ ವಯಸ್ಸು ಎಂದರು. ಸೈಕಲ್ ಶಾಪಿನವನಿಗೆ, ಹೆಬ್ಬೂರು ಹಳ್ಳಿಯಾಯಿತು ಎಂದರು. ಆ ತಾಯಿ ತಟ್ಟೆಯಲ್ಲಿದ್ದ ಬಿಸ್ಕತ್ತನ್ನು ಮುಟ್ಟದೆ ಎದ್ದು ಹೋದಳು. ಹುಡುಗಿಯ ಒಳ್ಳೆಯದಕ್ಕೇ ಎಂದು ಅವತ್ತು ತಮ್ಮನ್ನು ನಂಬಿಸಿಕೊಂಡಿದ್ದರು. ಏರಿಯ ಮೇಲೆ ಕೂತು ಈಗ ಅದನ್ನೂ ಬಿಚ್ಚಿ ನೋಡಿದರೆ ಒಳಗೆ ಜೈಬಾ ಎಲ್ಲಿಯೂ ಇರಲಿಲ್ಲ. ಇದ್ದದ್ದು ಹತ್ತು ಜನರ ಮುಂದೆ ಅಪ್ಪನ ಪಟ್ಟ ಕಳೆದುಕೊಳ್ಳಲು ಹೆದರಿದ ಒಬ್ಬ ಸ್ಟೌ ರಿಪೇರಿಯವನು. ನಾಚಿಕೆಯಾಯಿತು. ತಾವು ಬರೆದ ಹಳೆಯ ಕಾಗದದ 'ನನ್ನ ಮಗಳು' ಎಂಬ ಮಾತೂ ಹೀಗೇ ಏನು? ಅವಳಿಗೆ ಕೊಟ್ಟದ್ದೋ, ತಮಗೆ ತಾವೇ ಕೊಟ್ಟುಕೊಂಡದ್ದೋ? ಗೊತ್ತಾಗಲಿಲ್ಲ. ಬಸ್ಸು ಬಂತು, ಹತ್ತಿದರು.

ಮನೆ ತಲುಪಿದಾಗ ಇಳಿಹೊತ್ತಿನ ಅಸರ್ ನಮಾಜು ಆಗಷ್ಟೇ ಮುಗಿದಿತ್ತು. ಗಂಡುಮಕ್ಕಳಿಬ್ಬರೂ ಬಂದಿರಲಿಲ್ಲ. ಬರ್ನರ್ ಎಲ್ಲಿ ಎಂದು ಜಮಾಲುನ್ನೀಸಾ ಕೇಳಲಿಲ್ಲ, ಅದೇ ಒಂದು ಮರ್ಯಾದೆ. ಅವರು ಹಿಂದಿನ ರೂಮಿಗೆ ಹೋಗಿ, ಬಟ್ಟೆ ಕತ್ತರಿಸುವ ಮೇಜಿನ ಒಂದು ತುದಿಯನ್ನು ಖಾಲಿ ಮಾಡಿಕೊಂಡು, ಬಿಳಿ ಹಾಳೆ ಇಟ್ಟು ಕರಡನ್ನು ಇಳಿಸಲು ಕೂತರು. ಯಾಕೆ ಅಲ್ಲೇ ಕೂತರು, ಅವಳ ಎದುರಿಗೇ? ಬೇರೆ ಮೇಜು ಮನೆಯಲ್ಲಿಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಜೈಬಾ ಕೆಳಗೆ ಚಾಪೆಯ ಮೇಲೆ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ಖಾಲಿ ಜಾಗದವರೆಗೆ ಬರೆದು ಪೆನ್ನು ನಿಂತಿತು. ಎಷ್ಟು ಹೊತ್ತು ನಿಂತಿತೋ, ಜೈಬಾ ಎದ್ದು ಬಂದು ಭುಜದ ಮೇಲಿಂದ ಬಗ್ಗಿ ನೋಡಿದಳು. ಮುಚ್ಚಿಕೊಳ್ಳಲು ಕೈ ಹೋಯಿತು, ಮುಚ್ಚಲಿಲ್ಲ. ಮನೆಯಲ್ಲಿ ಆಡುವುದು ಉರ್ದುವಾದರೂ ಕಾಗದಪತ್ರದ ಮಾತು ಬಂದರೆ ಇಬ್ಬರೂ ಕನ್ನಡಕ್ಕೆ ಹೊರಳುತ್ತಿದ್ದರು. ಮನೆಯ ಅರ್ಜಿಗಳನ್ನೆಲ್ಲ ತುಂಬುತ್ತಿದ್ದವಳು ಅವಳೇ.

"ಉಯಿಲಾ ಅಬ್ಬಾ?"

"ಹೂಂ. ಮೊದ್ಲು ನಾನೇ ಒಂದು ಬರೆದಿದ್ದೆ. ಅದರಲ್ಲಿ ಮಗಳು ಅಂತಾನೇ ಇತ್ತು. ವಕೀಲರು ಅದು ನಡಿಯಲ್ಲ ಅಂದ್ರು," ಎಂದು ಹಳೆಯ ಕಾಗದವನ್ನೂ ತೆಗೆದು ಕೊಟ್ಟರು, ತಪ್ಪು ತಮ್ಮದಲ್ಲ ಎಂದು ತೋರಿಸುವ ಹುಡುಗನ ಹಾಗೆ. ಜೈಬಾ ಎರಡನ್ನೂ ಓದಿದಳು. ಯಾವುದನ್ನು ಓದುವಾಗ ಅವಳ ಮುಖ ಹೇಗಾಗುತ್ತದೆಂದು ಅವರು ಕಳ್ಳಗಣ್ಣಿನಲ್ಲಿ ನೋಡುತ್ತಿದ್ದರು. ಅವಳು ಹಳೆಯದನ್ನು ಪಕ್ಕಕ್ಕಿಟ್ಟು ಹೊಸದನ್ನು ಅವರ ಮುಂದೆ ಸರಿಸಿದಳು.

"ಇದನ್ನೇ ಬರೀರಿ ಅಬ್ಬಾ."

"ಸಾಕುಮಗಳು, ವಾರಸುದಾರಳಲ್ಲ ಅಂತ ಇದೆ, ನೋಡಿದ್ಯಾ?"

"ನೋಡಿದೆ. ಮಗಳು ಅಂತ ಇಷ್ಟು ವರ್ಷ ಕರೆದಿದೀರ, ಇನ್ನೂ ಕರೀತೀರ. ಅದಕ್ಕೆ ಕಾಗದ ಯಾಕೆ ಬೇಕು? ರೂಮಿಗೆ ಬೇಕು." ಖಾಲಿ ಜಾಗದ ಮೇಲೆ ಬೆರಳಿಟ್ಟು, "ಹೆಸರು ಗೊತ್ತಿಲ್ವಾ ನಿಮಗೆ? ಸೈಯದ್ ದಸ್ತಗೀರ್," ಎಂದಳು.

ತಡವರಿಸದೆ ಹೇಳಿದಳು, ಒಬ್ಬಳೇ ಇದ್ದಾಗ ಎಷ್ಟೋ ಸಲ ಹೇಳಿಕೊಂಡು ರೂಢಿಯಾದವಳ ಹಾಗೆ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಯಾವಾಗಿಂದ ಗೊತ್ತು?"

"ನಾಲ್ಕನೇ ಕ್ಲಾಸಿಂದ. ಗುಬ್ಬೀಲಿ ಯಾರದೋ ಮದುವೇಲಿ ಒಬ್ಬ ಅಜ್ಜಿ ಗಲ್ಲ ಹಿಡಿದು ಹೇಳಿದ್ರು. ನಿಮಗೆ ನೋವಾಗುತ್ತೆ ಅಂತ ನಾನು ಕೇಳಲಿಲ್ಲ." ಅವಳು ಮತ್ತೆ ಚಾಪೆಯ ಮೇಲೆ ಕೂತು ಬ್ಲೌಸನ್ನು ತೊಡೆಗೆ ಎಳೆದುಕೊಂಡಳು. "ಬಂದವರನ್ನ ಎರಡು ಸಲ ವಾಪಸ್ ಕಳಿಸಿದ್ದು ಈ ಹೆಸರಿಗೇ ಅಲ್ವಾ ಅಬ್ಬಾ? ಹೇಳಿ ನೋಡಿ ಒಂದ್ಸಲ. ಏನೂ ಆಗಲ್ಲ."

ರಶೀದ್ ಸಾಬರು ಹೇಳಿದರು. ಅರ್ಧ ಮಾತ್ರ ಕೇಳಿಸಿತು. ಮತ್ತೊಮ್ಮೆ ಹೇಳಿದರು, ಅಡುಗೆಮನೆಗೂ ಕೇಳುವಷ್ಟು ಜೋರಾಗಿ. ಏನೂ ಆಗಲಿಲ್ಲ. ಆಮೇಲೆ ಬರೆದರು, ಸೈಯದ್ ದಸ್ತಗೀರ್ ಎಂಬುವವರ ಮಗಳು, ನನ್ನ ಸಾಕುಮಗಳು, ನನ್ನ ವಾರಸುದಾರಳಲ್ಲ. ಅಕ್ಷರ ಸ್ವಲ್ಪವೂ ಅಲುಗಿರಲಿಲ್ಲ, ಅದು ಅವರಿಗೇ ಆಶ್ಚರ್ಯ. ಮನಸ್ಸು ಹಗುರಾಗುತ್ತಿತ್ತು, ಜೊತೆಗೇ ಏನೋ ಸೋತಂತೆಯೂ ಆಗುತ್ತಿತ್ತು. ಕಾಗದ ಮಡಿಸುವಾಗ ಒಂದು ಪ್ರಶ್ನೆ ಎದ್ದಿತು. ಸ್ಟೌ, ಗಡಿಯಾರ, ಕುದುರೆ ಹಾಲು, ಕಾನೂನು, ಎಲ್ಲದರ ಬಗ್ಗೆ ಕೇಳುವ ಈ ಮನುಷ್ಯನಿಗೆ ಆ ಪ್ರಶ್ನೆ ಈವರೆಗೆ ಯಾಕೆ ಹೊಳೆದಿರಲಿಲ್ಲವೋ ದೇವರಿಗೇ ಗೊತ್ತು.

"ಬಂದಿದ್ದ ಆ ಇಬ್ಬರಲ್ಲಿ ನಿನಗೆ ಯಾರಾದ್ರೂ ಒಪ್ಪಿಗೆಯಾಗಿದ್ರಾ, ಬೇಟಿ?"

"ಎರಡನೆಯವರು," ಎಂದಳು ಜೈಬಾ, ಸೂಜಿಗೆ ದಾರ ಪೋಣಿಸುತ್ತಾ.